ಹಸಿರು ಹೂಡಿಕೆಯಲ್ಲಿ ಕೋಲಾರದ ಪಾಲೆಷ್ಟು?

ಜಗತ್ತಿನ ಬಂಡವಾಳವು ದಿಕ್ಕು ಬದಲಿಸುತ್ತಿದೆ. ಕಲ್ಲಿದ್ದಲು, ತೈಲ ಮತ್ತು ಅನಿಲದ ಬೆನ್ನು ಹತ್ತಿದ್ದ ಹಣವು ಇಂದು ಸೂರ್ಯನ ಬೆಳಕು, ಗಾಳಿ, ಬ್ಯಾಟರಿ ಮತ್ತು ವಿದ್ಯುತ್ ವಾಹನಗಳ ಕಡೆಗೆ ಹರಿಯತೊಡಗಿದೆ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯು ಅಂದಾಜಿಸಿದ ಪ್ರಕಾರ, 2025ರಲ್ಲಿ ಇಂಧನ ಕ್ಷೇತ್ರಕ್ಕೆ ಹರಿಯುವ ಒಟ್ಟು 3.3 ಲಕ್ಷ ಕೋಟಿ ಡಾಲರ್ ಹೂಡಿಕೆಯಲ್ಲಿ 2.2 ಲಕ್ಷ ಕೋಟಿ ಡಾಲರ್ ಶುದ್ಧ ಇಂಧನದ ಪಾಲಿಗೆ ಸೇರಿದ್ದು. ಅಂದರೆ ಮೂರರಲ್ಲಿ ಎರಡು ಪಾಲು! ನಮ್ಮ ದೇಶದಲ್ಲಿ ಸೌರ ವಿದ್ಯುತ್ ಸ್ಥಾವರಗಳ ಸಾಮರ್ಥ್ಯವು 2025ರ ಜನವರಿಯಲ್ಲಿ ಒಂದು ಲಕ್ಷ ಮೆಗಾವ್ಯಾಟನ್ನು ದಾಟಿತು. ಬೆಂಗಳೂರಿನಲ್ಲಿ ನೆಲೆಯಾದ ಓಲಾ ಇಲೆಕ್ಟ್ರಿಕ್ ಕಂಪೆನಿಯು 2024ರಲ್ಲಿಯೂ, ಏಥರ್ ಎನರ್ಜಿ ಮತ್ತು ಸೌರ ಫಲಕ ತಯಾರಿಸುವ ಎಮ್ವೀ ಕಂಪೆನಿಗಳು 2025ರಲ್ಲಿಯೂ ಶೇರು ಮಾರುಕಟ್ಟೆಗೆ ಇಳಿದು ಸಾವಿರಾರು ಕೋಟಿ ರೂಪಾಯಿ ಎತ್ತಿದವು. ಸ್ವಚ್ಛ ತಂತ್ರಜ್ಞಾನ ಎಂಬುದು ಪರಿಸರವಾದಿಗಳ ಭಾಷಣದ ವಸ್ತುವಾಗಿದ್ದ ಕಾಲ ಮುಗಿದಿದೆ. ಈಗ ಅದು ಹಣವಂತರ ಲೆಕ್ಕಪುಸ್ತಕದ ವಸ್ತು.

ಈ ಬೆಂಗಳೂರಿನಿಂದ ಕೋಲಾರಕ್ಕೆ ಸುಮಾರು 70 ಕಿಲೋಮೀಟರ್. ಒಂದೂವರೆ ಗಂಟೆಯ ಹಾದಿ. ಆದರೆ ಕೋಲಾರದ ರೇಷ್ಮೆ ರೀಲರ್, ಮಾಲೂರಿನ ಇಟ್ಟಿಗೆ ಗೂಡಿನ ಕೂಲಿಕಾರ, ಮುಳಬಾಗಿಲಿನ ಟೊಮೆಟೊ ಬೆಳೆಗಾರ, ಶ್ರೀನಿವಾಸಪುರದ ಮಾವಿನ ವ್ಯಾಪಾರಿ, ಇವರಿಗೂ ಆ ಲಕ್ಷ ಕೋಟಿಗಳಿಗೂ ಇರುವ ಸಂಬಂಧವೇನು? ಹಸಿರು ಹೂಡಿಕೆಯನ್ನು ಸ್ವಾಗತಿಸುವ ಲೇಖನಗಳು ದಿನವೂ ಪ್ರಕಟವಾಗುತ್ತಿವೆ. ಈ ಪ್ರಶ್ನೆಯನ್ನು ಕೇಳುವವರು ಮಾತ್ರ ವಿರಳ.

ನಿಜವಾಗಿ, ಕೋಲಾರಕ್ಕೆ ಶುದ್ಧ ಇಂಧನದ ಹೂಡಿಕೆ ಹೊಸತೇನೂ ಅಲ್ಲ. 1902ರ ಜೂನ್‌ನಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ಉದ್ದದ ತಂತಿಯ ಮೂಲಕ ಕೋಲಾರದ ಚಿನ್ನದ ಗಣಿಗೆ ಹರಿದು ಬಂತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ತಂತಿ ಮಾರ್ಗಗಳಲ್ಲೊಂದು. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು ಅದಾಗಿ ಮೂರು ವರ್ಷಗಳ ಬಳಿಕ, 1905ರಲ್ಲಿ. ನೀರು ಕಾವೇರಿಯದ್ದು, ಯೋಜನೆ ಮೈಸೂರು ಸರಕಾರದ್ದು, ನೆಲ ಕೋಲಾರದ್ದು, ಬೆವರು ಗಣಿ ಕಾರ್ಮಿಕರದ್ದು. ಆದರೆ ಗಣಿಗಳ ಆಡಳಿತ ಲಂಡನ್ನಿನ ಜಾನ್ ಟೇಲರ್ ಆ್ಯಂಡ್ ಸನ್ಸ್ ಕಂಪೆನಿಯ ಕೈಯಲ್ಲಿತ್ತು. ಲಾಭಾಂಶ ತಲುಪುತ್ತಿದ್ದುದು ಇಂಗ್ಲೆಂಡಿನ ಶೇರುದಾರರಿಗೆ. ಸುತ್ತಲಿನ ಹಳ್ಳಿಗಳು ಮತ್ತೆ ಹಲವು ದಶಕಗಳ ಕಾಲ ಸೀಮೆಎಣ್ಣೆಯ ಬುಡ್ಡಿಯಲ್ಲೇ ರಾತ್ರಿ ಕಳೆದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಜಿಲ್ಲೆಗೆ ಉಳಿದದ್ದು ಸೈನೈಡ್ ಬೆರೆತ ಮಣ್ಣಿನ ದಿಬ್ಬಗಳು ಮತ್ತು ನಿರುದ್ಯೋಗ. ಇಂಧನ ಶುದ್ಧವಾಗಿದ್ದ ಮಾತ್ರಕ್ಕೆ ಅದರ ಹಿಂದಿನ ವ್ಯವಸ್ಥೆಯೂ ಶುದ್ಧವಾಗಿರುತ್ತದೆ ಎಂದು ನಂಬಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೆ?

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಇದೇ ಜಿಲ್ಲೆಯಲ್ಲಿದೆ. 2009ರ ಕೊನೆಯಲ್ಲಿ ಬಂಗಾರಪೇಟೆ ತಾಲೂಕಿನ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮವು 3 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಸ್ಥಾವರವನ್ನು ಸ್ಥಾಪಿಸಿತು. ದೇಶದಲ್ಲಿ ಮೆಗಾವ್ಯಾಟ್ ಪ್ರಮಾಣದಲ್ಲಿ ತಲೆಯೆತ್ತಿದ ಮೊದಮೊದಲ ಸೌರ ಸ್ಥಾವರಗಳಲ್ಲಿ ಅದೂ ಒಂದು. ಅರುಣೋದಯ ಎಂಬ ಆ ಯೋಜನೆಯ ಉದ್ದೇಶ ಸರಳವಾಗಿತ್ತು: ಹಗಲು ಹೊತ್ತಿನಲ್ಲಿ ರೈತರ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಒದಗಿಸುವುದು. ಹಣ ಸಾರ್ವಜನಿಕರದ್ದು, ಫಲವೂ ಸುತ್ತಲಿನ ಹೊಲಗಳದ್ದು. ಪ್ರಮಾಣ ಚಿಕ್ಕದಿರಬಹುದು, ದಿಕ್ಕು ಸರಿಯಾಗಿತ್ತು. ದುರದೃಷ್ಟವಶಾತ್, ಅನಂತರದ ವರ್ಷಗಳಲ್ಲಿ ಸೌರ ಶಕ್ತಿಯು ಬೆಳೆದದ್ದು ಬೇರೆಯೇ ದಾರಿಯಲ್ಲಿ.

ರಾಜ್ಯದ ಇನ್ನೊಂದು ಬರಪೀಡಿತ ತಾಲೂಕಾದ ತುಮಕೂರು ಜಿಲ್ಲೆಯ ಪಾವಗಡವನ್ನು ನೋಡಿ. ಅಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಇದೆ. ರೈತರ ಜಮೀನನ್ನು ಸ್ವಾಧೀನಪಡಿಸಿಕೊಳ್ಳದೆ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು ಮೆಚ್ಚತಕ್ಕ ಕ್ರಮವೇ. ಮಳೆಯಿಲ್ಲದೆ ಬೀಳು ಬಿದ್ದಿದ್ದ ಹೊಲದಿಂದ ಅಷ್ಟು ಆದಾಯ ಬರುವುದು ಸಣ್ಣ ಮಾತಲ್ಲ. ಆದರೆ ಜಮೀನೇ ಇಲ್ಲದವರು? ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರು, ಆ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರು? ನೂರು ಎಕರೆಯ ಒಡೆಯನಿಗೆ 21 ಲಕ್ಷ, ಎರಡು ಎಕರೆಯವನಿಗೆ 42 ಸಾವಿರ, ಭೂಹೀನನಿಗೆ ಶೂನ್ಯ. ಫಲಕ ಒರೆಸುವ, ಕಾವಲು ಕಾಯುವ ಕೆಲವು ಕೆಲಸಗಳು ಮಾತ್ರ ಅವನ ಪಾಲಿಗೆ ಉಳಿದವು. ಕೋಲಾರದಲ್ಲಿ ದಲಿತರು ಮತ್ತು ಮುಸ್ಲಿಮರ ಬಹುದೊಡ್ಡ ಪಾಲು ಈ ಮೂರನೆಯ ಸಾಲಿನಲ್ಲಿ ನಿಲ್ಲುವವರು ಎಂಬುದನ್ನು ಮರೆಯದಿರೋಣ.

ಹೀಗಿರುವಾಗ, ನಾವೂ ಹಣ ಹೂಡಿದರಾಯಿತಲ್ಲ, ಶೇರು ಖರೀದಿಸಿದರಾಯಿತಲ್ಲ ಎಂದು ಕೆಲವರು ಕೇಳಬಹುದು. ಪ್ರಶ್ನೆ ಸಹಜ. ಆದರೆ ಹಸಿರು ಎಂಬ ಹಣೆಪಟ್ಟಿಯನ್ನು ಕಂಡೊಡನೆ ಚೀಲ ಬಿಚ್ಚುವವರು ಒಂದೆರಡು ಸಂಗತಿಗಳನ್ನು ತಿಳಿದಿರಬೇಕು. 2006ರಿಂದ 2011ರ ನಡುವೆ ಅಮೆರಿಕದ ಸಾಹಸ ಬಂಡವಾಳಗಾರರು ಸ್ವಚ್ಛ ತಂತ್ರಜ್ಞಾನದ ಕಂಪೆನಿಗಳಲ್ಲಿ 2,500 ಕೋಟಿ ಡಾಲರ್‌ಗೂ ಅಧಿಕ ಹಣ ಹೂಡಿ, ಅದರಲ್ಲಿ ಅರ್ಧಕ್ಕಿಂತಲೂ ಹೆಚ್ಚನ್ನು ಕಳಕೊಂಡರು ಎಂದು ಎಂಐಟಿಯ ಸಂಶೋಧಕರು 2016ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. 2024ರ ಆಗಸ್ಟ್‌ನಲ್ಲಿ 76 ರೂಪಾಯಿಗೆ ಮಾರಾಟವಾದ ಓಲಾ ಇಲೆಕ್ಟ್ರಿಕ್ ಶೇರು ಅದೇ ತಿಂಗಳಲ್ಲಿ 150 ದಾಟಿತು. 2025ರಲ್ಲಿ 50 ರೂಪಾಯಿಗಿಂತಲೂ ಕೆಳಗಿಳಿಯಿತು. ಇದು ವ್ಯಾಪಾರದ ಏರಿಳಿತ ಎನ್ನೋಣ. ಆದರೆ ಜೆನ್‌ಸಾಲ್ ಪ್ರಕರಣಕ್ಕೆ ಏನೆನ್ನಬೇಕು? ವಿದ್ಯುತ್ ಕಾರುಗಳ ಖರೀದಿಗೆಂದು ಸರಕಾರಿ ಸ್ವಾಮ್ಯದ ಹಣಕಾಸು ಸಂಸ್ಥೆಗಳಿಂದ ಪಡೆದ ಸಾಲದ ಒಂದಂಶವು ಪ್ರವರ್ತಕರ ಸ್ವಂತ ಬಳಕೆಗೆ, ಗುರುಗ್ರಾಮದ ಐಷಾರಾಮಿ ಫ್ಲ್ಯಾಟ್‌ನ ಖರೀದಿಗೆ ಕೂಡ ಹರಿದಿದೆ ಎಂದು ಸೆಬಿಯು 2025ರ ಏಪ್ರಿಲ್ 15ರ ತನ್ನ ಮಧ್ಯಂತರ ಆದೇಶದಲ್ಲಿ ಹೇಳಿತು. ಆ ಕಾರುಗಳನ್ನು ಓಡಿಸುತ್ತಿದ್ದ ಬ್ಲೂಸ್ಮಾರ್ಟ್ ಸೇವೆಯು ದೆಹಲಿ ಮತ್ತು ಬೆಂಗಳೂರಿನಲ್ಲಿ ಅದೇ ತಿಂಗಳು ಸ್ಥಗಿತಗೊಂಡಿತು. ಬೀದಿಗೆ ಬಿದ್ದವರು ಚಾಲಕರು! ಕಾರು ಹೊಗೆ ಉಗುಳುತ್ತಿರಲಿಲ್ಲ, ನಿಜ. ಆದರೆ ವ್ಯವಹಾರ?

ಹಣೆಪಟ್ಟಿ ನಂಬಿ ಮೋಸ ಹೋಗುವುದರ ನೋವನ್ನು ಮುಸ್ಲಿಮ್ ಸಮುದಾಯಕ್ಕೆ ಬೇರೆ ಯಾರೂ ವಿವರಿಸಬೇಕಾಗಿಲ್ಲ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕಂಪೆನಿ ಕುಸಿದು ಬಿದ್ದಾಗ ಸಾವಿರಾರು ಕುಟುಂಬಗಳ ಉಳಿತಾಯ ಕರಗಿ ಹೋಯಿತು. ಹೂಡಿದವರಲ್ಲಿ ಬಹುಪಾಲು ಮುಸ್ಲಿಮರು. ಅದರಲ್ಲೂ ಮಧ್ಯಮ ಮತ್ತು ಬಡ ವರ್ಗದವರು. ಮಗಳ ಮದುವೆಗೆ ಕೂಡಿಟ್ಟದ್ದು, ಗಲ್ಫ್‌ನಲ್ಲಿ ದುಡಿದು ತಂದದ್ದು, ನಿವೃತ್ತಿಯ ಇಡಿಗಂಟು ಎಲ್ಲವೂ ಅದರೊಳಗಿತ್ತು. ಅದಕ್ಕೆ ಅಂಟಿಸಿದ್ದ ಹಣೆಪಟ್ಟಿ ಹಲಾಲ್ ಹೂಡಿಕೆ ಎಂಬುದಾಗಿತ್ತು. ತಿಂಗಳು ತಿಂಗಳೂ ಇಷ್ಟೊಂದು ಲಾಭ ಯಾವ ವ್ಯಾಪಾರದಿಂದ ಬರುತ್ತಿದೆ, ಲೆಕ್ಕಪತ್ರ ಎಲ್ಲಿದೆ, ನಷ್ಟದ ತಿಂಗಳೇ ಇಲ್ಲದ ಪಾಲುದಾರಿಕೆ ಯಾವ ಶರೀಅತ್‌ನದ್ದು ಎಂದು ಕೇಳಿದವರು ಬೆರಳೆಣಿಕೆಯಷ್ಟು. ಬಡ್ಡಿ ಎಂಬ ಹೆಸರು ಇಲ್ಲದಿದ್ದರೆ ಸಾಕು ಎಂದುಕೊಂಡವರು ಮೋಸವೂ ಬಡ್ಡಿಯಷ್ಟೇ ನಿಷಿದ್ಧ ಎಂಬುದನ್ನು ಮರೆತರು. ಹಲಾಲ್ ಎಂಬ ಪದವನ್ನು ಹೀಗೆ ಮಾರಾಟಕ್ಕಿಟ್ಟವರು ನಾಳೆ ಹಸಿರು ಹಲಾಲ್ ಸೌರ ಯೋಜನೆ ಎಂಬ ಫಲಕ ಹಿಡಿದು ನಮ್ಮ ಮೊಹಲ್ಲಾಗಳಿಗೆ ಬಂದರೆ ಅಚ್ಚರಿಯಿಲ್ಲ.

ಕೋಲಾರಕ್ಕೆ ಇನ್ನೊಂದು ಗಾಯವೂ ಇದೆ. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರದಂತಹ ರೇಷ್ಮೆ ಪಟ್ಟಣಗಳಲ್ಲಿ ಕಿರುಸಾಲ ಕಂಪೆನಿಗಳ ಬಿಕ್ಕಟ್ಟು ಸ್ಫೋಟಿಸಿತು. ದೇಶ ವಿದೇಶಗಳ ಬಂಡವಾಳಗಾರರು ಬಡವರ ಉದ್ಧಾರ ಎಂಬ ಘೋಷಣೆಯೊಂದಿಗೆ ಆ ಕಂಪೆನಿಗಳಲ್ಲಿ ಹಣ ಸುರಿದಿದ್ದರು. ಒಬ್ಬಳೇ ಮಹಿಳೆ ಮೂರು ನಾಲ್ಕು ಕಂಪೆನಿಗಳಿಂದ ಸಾಲ ಪಡೆದಳು. ಒಂದರ ಕಂತಿಗೆ ಇನ್ನೊಂದರ ಸಾಲ ಎಂಬಂತಾಯಿತು. ರೇಷ್ಮೆ ವ್ಯಾಪಾರ ಕುಸಿದಾಗ ವಾರದ ಕಂತು ಕಟ್ಟಲಾಗದೆ ಮಹಿಳೆಯರು ಕಂಗಾಲಾದರು. ಸ್ಥಳೀಯ ಅಂಜುಮನ್‌ಗಳು ಈ ಕಂಪೆನಿಗಳೊಂದಿಗೆ ವ್ಯವಹರಿಸಬಾರದು, ಕಂತು ಕಟ್ಟಬಾರದು ಎಂದು ಕರೆ ಕೊಟ್ಟವು. ಆ ಆಕ್ರೋಶಕ್ಕೆ ಕಾರಣವಿತ್ತು. ಆದರೆ ಆ ಕರೆಯ ಜೊತೆಗೆ ಬದಲಿ ವ್ಯವಸ್ಥೆಯೊಂದು ಇತ್ತೇ? ಸಾಲದ ಬಾಗಿಲು ಮುಚ್ಚಿದಾಗ ಮಹಿಳೆಯರಿಗೆ ಉಳಿದದ್ದು ಮೀಟರ್ ಬಡ್ಡಿಯವರ ಮನೆ ಬಾಗಿಲು. ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರಕಾರವು ಪ್ರತ್ಯೇಕ ಕಾನೂನು ತಂದದ್ದು 2025ರಲ್ಲಿ; ಹದಿನಾರು ವರ್ಷಗಳ ಬಳಿಕ!

ಈ ಅನುಭವಗಳಿಂದ ಬೆದರಿದವರು ಇಂದು ಎರಡು ಗುಂಪುಗಳಾಗಿದ್ದಾರೆ. ಒಂದು ಗುಂಪು ಇದ್ದಬದ್ದುದನ್ನೆಲ್ಲ ಚಿನ್ನಕ್ಕೋ ನಿವೇಶನಕ್ಕೋ ಸುರಿದು ಸುಮ್ಮನಾಗಿದೆ. ಇನ್ನೊಂದು ಗುಂಪು ಮುಂದಿನ ಆಕರ್ಷಕ ಯೋಜನೆಗಾಗಿ ಕಾಯುತ್ತಿದೆ. ಒಂದು ಕಡೆ ಹಣ ಜಡವಾಗಿ ಬಿದ್ದಿದೆ, ಇನ್ನೊಂದು ಕಡೆ ಅಪಾಯದ ಅಂಚಿನಲ್ಲಿದೆ. ಇಸ್ಲಾಮ್ ಇವೆರಡನ್ನೂ ಕಲಿಸಿಲ್ಲ. ಸಂಪತ್ತು ದೇವನ ಅಮಾನತ್. ಅದನ್ನು ಕೂಡಿಹಾಕುವುದೂ ತಪ್ಪು, ಅರಿವಿಲ್ಲದೆ ಪೋಲು ಮಾಡುವುದೂ ತಪ್ಪು. ಪ್ರವಾದಿ ಮುಹಮ್ಮದ್(ಸ)ರು ನೀರು, ಮೇವು ಮತ್ತು ಬೆಂಕಿಯನ್ನು ಜನರೆಲ್ಲರ ಸಮಾನ ಪಾಲಿನ ವಸ್ತುಗಳೆಂದು ಸಾರಿದ್ದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಜಲ, ಗೋಮಾಳ ಮತ್ತು ಇಂಧನ. ಕೋಲಾರದ ಬದುಕು ನಿಂತಿರುವುದೇ ಈ ಮೂರರ ಮೇಲೆ. ಆದ್ದರಿಂದ ಹಸಿರು ಹೂಡಿಕೆಯನ್ನು ಅಳೆಯಲು ಮೂರು ಪ್ರಶ್ನೆಗಳು ಸಾಕು: ಹಣ ಎಲ್ಲಿಂದ ಬಂತು? ಲೆಕ್ಕ ಯಾರಿಗೆ ತೋರಿಸಲಾಗುತ್ತದೆ? ಫಲ ಯಾರಿಗೆ ಸೇರುತ್ತದೆ?

ಬಡ್ಡಿರಹಿತವಾಗಿ ಸೌರ ಸ್ಥಾವರ ಕಟ್ಟಲು ಸಾಧ್ಯವೇ ಎಂದು ಅನುಮಾನಿಸುವವರು ಮಲೇಷ್ಯಾದತ್ತ ನೋಡಲಿ. 2017ರಲ್ಲಿ ಅಲ್ಲಿನ ಸಾಬಾ ರಾಜ್ಯದ ಸೌರ ಯೋಜನೆಗಾಗಿ 25 ಕೋಟಿ ರಿಂಗಿಟ್‌ನ ಹಸಿರು ಸುಕೂಕ್ ಬಿಡುಗಡೆಯಾಯಿತು. ಸುಕೂಕ್ ಎಂದರೆ ಬಡ್ಡಿಯ ಬದಲಾಗಿ ಆಸ್ತಿಯ ಆದಾಯದಲ್ಲಿ ಪಾಲು ಕೊಡುವ ಪತ್ರ. ಮರುವರ್ಷ ಇಂಡೋನೇಷ್ಯಾ ಸರಕಾರವೇ 125 ಕೋಟಿ ಡಾಲರ್‌ನ ಹಸಿರು ಸುಕೂಕ್ ಹೊರಡಿಸಿತು. ನಮ್ಮಲ್ಲಿ? ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ನೀಡಬೇಕೆಂದು ರಘುರಾಮ್ ರಾಜನ್ ಸಮಿತಿಯು 2008ರಲ್ಲೇ ಶಿಫಾರಸು ಮಾಡಿತ್ತು. ವರ್ಷಗಟ್ಟಲೆ ಕಡತ ತಿರುಗಿದ ಮೇಲೆ, ಈ ವಿಚಾರದಲ್ಲಿ ಮುಂದುವರಿಯುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತು. ಹಸಿರು ಬಾಂಡ್ ಹೊರಡಿಸುವ ಸರಕಾರಕ್ಕೆ, ಬಡ್ಡಿಯಿಂದ ದೂರ ನಿಲ್ಲುವ ಕೋಟ್ಯಂತರ ಪ್ರಜೆಗಳ ಉಳಿತಾಯವನ್ನು ದೇಶದ ಅಭಿವೃದ್ಧಿಗೆ ಬಳಸಿಕೊಳ್ಳುವ ಮನಸ್ಸೇಕಿಲ್ಲ? ಅವರನ್ನು ಐಎಂಎಗಳ ಬಾಯಿಗೆ ದೂಡಿದವರಲ್ಲಿ ಈ ನಿರಾಸಕ್ತಿಯೂ ಸೇರಿಲ್ಲವೇ?

ಹಾಗಂತ ಸರಕಾರದ ದಾರಿ ಕಾಯುತ್ತಾ ಕೂರಬೇಕಿಲ್ಲ. ಸಹಕಾರ ಸಂಘಗಳ ಕಾನೂನು ಇದೆ, 1997ರ ಸೌಹಾರ್ದ ಸಹಕಾರಿ ಕಾಯ್ದೆ ಇದೆ. ಅವುಗಳ ಚೌಕಟ್ಟಿನೊಳಗೆ, ನೋಂದಣಿ ಮತ್ತು ಲೆಕ್ಕ ಪರಿಶೋಧನೆಗೆ ಒಳಪಟ್ಟು ಮಾಡಬಹುದಾದದ್ದು ಬಹಳಷ್ಟಿದೆ. ಒಂದು ಸರಳ ಲೆಕ್ಕ ನೋಡೋಣ. 10 ಕಿಲೋವ್ಯಾಟ್‌ನ ಸೌರ ಘಟಕಕ್ಕೆ ಸುಮಾರು ಸಾವಿರ ಚದರ ಅಡಿ ಚಾವಣಿ ಬೇಕು. ಖರ್ಚು ಅಂದಾಜು ಐದೂವರೆ ಲಕ್ಷ ರೂಪಾಯಿ. ಐವತ್ತು ಮಂದಿ ತಲಾ 11 ಸಾವಿರ ಹಾಕಿದರೆ ಅಷ್ಟಾಯಿತು. ವರ್ಷಕ್ಕೆ ಸುಮಾರು 14 ಸಾವಿರ ಯೂನಿಟ್ ವಿದ್ಯುತ್ ದೊರೆಯುತ್ತದೆ. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 84 ಸಾವಿರ ರೂಪಾಯಿಯ ಉಳಿತಾಯ. ಆರೇಳು ವರ್ಷಗಳಲ್ಲಿ ಹಾಕಿದ ಹಣ ಮರಳುತ್ತದೆ; ಫಲಕಗಳ ಬಾಳಿಕೆಯೋ ಸುಮಾರು 25 ವರ್ಷ. ಸಂಘವು ಘಟಕದ ಒಡೆತನವನ್ನು ತಾನಿಟ್ಟುಕೊಂಡು ಅದನ್ನು ರೀಲಿಂಗ್ ಘಟಕಕ್ಕೋ ಶಾಲೆಗೋ ಬಾಡಿಗೆಗೆ ಕೊಡಬಹುದು. ಶರೀಅತ್‌ನ ಪರಿಭಾಷೆಯಲ್ಲಿ ಇದು ಇಜಾರ. ಸದಸ್ಯರ ನಡುವಿನದ್ದು ಮುಶಾರಕ, ಅಂದರೆ ಲಾಭ ನಷ್ಟಗಳೆರಡರಲ್ಲೂ ಪಾಲು. ಇದರಲ್ಲಿ ತಿಂಗಳಿಗೆ ಶೇ. 3ರ ಲಾಭವಿಲ್ಲ. ಅದೇ ಇದರ ಪ್ರಾಮಾಣಿಕತೆಗೆ ಮೊದಲ ಸಾಕ್ಷಿ.

ಮನೆಗಳಿಗಿಂತಲೂ ದುಡಿಮೆಯ ಜಾಗಗಳಿಗೆ ಇದು ಹೆಚ್ಚು ಉಪಯುಕ್ತ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯು ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಡುವುದರಿಂದ ಬಡವರ ಮನೆಯ ಚಾವಣಿಗೆ ಫಲಕ ಏರಿಸಲು ಅವಸರವಿಲ್ಲ. ಆದರೆ ರೀಲಿಂಗ್ ಘಟಕಗಳ ಸ್ಥಿತಿ ಬೇರೆ. ಗೂಡು ಬೇಯಿಸಲು ಸೌದೆ ಉರಿಯುತ್ತದೆ, ಕಾರ್ಮಿಕರು ದಿನವಿಡೀ ಹೊಗೆ ಮತ್ತು ಹಬೆಯ ನಡುವೆ ಬಿಸಿನೀರಲ್ಲಿ ಕೈಯಾಡಿಸುತ್ತಾರೆ. ಸೌದೆ ಕಡಿಮೆ ಮಾಡುವ ಅನಿಲೀಕರಣ ಒಲೆಗಳನ್ನು ಟೆರಿ ಸಂಸ್ಥೆಯು 1990ರ ದಶಕದಲ್ಲೇ ರೇಷ್ಮೆ ರೀಲಿಂಗ್‌ಗಾಗಿ ರೂಪಿಸಿತ್ತು. ಇಂದು ಸೌರ ಶಾಖದಿಂದ ನೀರು ಕಾಯಿಸುವ ವ್ಯವಸ್ಥೆಯೂ ಸುಲಭವಾಗಿ ದೊರೆಯುತ್ತದೆ. ಕೊರತೆಯಿರುವುದು ತಂತ್ರಜ್ಞಾನದ್ದಲ್ಲ, ಸಣ್ಣ ರೀಲರ್‌ಗೆ ಬಡ್ಡಿಯಿಲ್ಲದೆ ಮುಂಗಡ ಕೊಡುವವರದ್ದು.

ಮಾವು ಮತ್ತು ಟೊಮೆಟೊದ ಕಥೆಯೂ ಅಷ್ಟೇ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಬೇರೆ ವರ್ಷಗಳಲ್ಲಿ ಅದೇ ಹಣ್ಣನ್ನು ರಸ್ತೆಗೆ ಸುರಿದದ್ದೂ ಇದೆ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತವು ಕರ್ನಾಟಕದ ತೋತಾಪುರಿ ಮಾವಿಗೆ ತಡೆ ಒಡ್ಡಿದಾಗ ಶ್ರೀನಿವಾಸಪುರದ ಬೆಳೆಗಾರರು ಬೀದಿಗಿಳಿಯಬೇಕಾಯಿತು. ಗಡಿಯಾಚೆಯ ತಿರುಳು ಕಾರ್ಖಾನೆಗಳನ್ನೇ ನಂಬಿ ಬದುಕುವ ಕರ್ಮ ಏಕೆ? ಸೌರ ಶಕ್ತಿಯ ಶೈತ್ಯಾಗಾರ, ಹಣ್ಣು ಒಣಗಿಸುವ ಘಟಕಗಳು ಊರಿನಲ್ಲೇ ಸಹಕಾರಿ ಒಡೆತನದಲ್ಲಿ ಬಂದರೆ ಬೆಳೆಗಾರನೂ ಮಂಡಿ ವ್ಯಾಪಾರಿಯೂ ಉಸಿರಾಡಬಹುದು. ಬೆಳೆಗಾರ ರೆಡ್ಡಿಯೋ ಗೌಡನೋ, ತೋಟ ಗುತ್ತಿಗೆ ಹಿಡಿದವನು ಮುಸ್ಲಿಮನೋ, ಬುಟ್ಟಿ ಹೊರುವವನು ದಲಿತನೋ ಇರಬಹುದು. ಬೆಲೆ ಕುಸಿದಾಗ ಮುಳುಗುವುದು ಎಲ್ಲರೂ. ಆದ್ದರಿಂದ ಇಂತಹ ಸಂಘಗಳು ಕೇವಲ ಮುಸ್ಲಿಮರದ್ದಾಗಿ ಉಳಿಯಬೇಕಾದ ಅಗತ್ಯವೂ ಇಲ್ಲ.

ಸಂಘ ಕಟ್ಟುವವರಿಗೆ ಕೆಲವು ಕಟ್ಟುಪಾಡುಗಳು ಅನಿವಾರ್ಯ. ಧರ್ಮಗುರುಗಳ ಹೆಸರು ಜಾಹೀರಾತಿಗೆ ಬಳಕೆಯಾಗಕೂಡದು; ಉಲಮಾಗಳು ಒಪ್ಪಂದದ ಧರ್ಮಬದ್ಧತೆಯನ್ನು ಪರಿಶೀಲಿಸಲಿ, ಲಾಭದ ಭರವಸೆ ಕೊಡದಿರಲಿ. ಆರು ತಿಂಗಳಿಗೊಮ್ಮೆ ಲೆಕ್ಕಪತ್ರವನ್ನು ಸದಸ್ಯರ ಮುಂದಿಡಬೇಕು. ಝಕಾತ್‌ನ ಹಣ ಬಡವರ ಹಕ್ಕು. ಅದನ್ನು ಉಳ್ಳವರ ವ್ಯಾಪಾರಕ್ಕೆ ಬೆರೆಸಕೂಡದು. ಮಸೀದಿ, ಮದ್ರಸಗಳ ಚಾವಣಿ ಬಳಸುವುದಾದರೆ ವಕ್ಫ್‌ನ ನಿಯಮದಂತೆ ನ್ಯಾಯವಾದ ಬಾಡಿಗೆ ಸಲ್ಲಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆಡಳಿತ ಮಂಡಳಿಯಲ್ಲಿ ಮಹಿಳೆಯರಿರಬೇಕು. 2009ರ ಕಂತಿನ ಭಾರವನ್ನು ಹೊತ್ತವರು ಅವರು, 2019ರಲ್ಲಿ ಒಡವೆ ಕಳಕೊಂಡವರೂ ಅವರು. ನಿರ್ಧಾರದ ಮೇಜಿನಲ್ಲಿ ಮಾತ್ರ ಅವರಿಗೆ ಕುರ್ಚಿಯಿಲ್ಲ ಎಂದರೆ ಅದು ಯಾವ ನ್ಯಾಯ?

ಸರಕಾರದ ಹೊಣೆಯೂ ಕಡಿಮೆಯದ್ದಲ್ಲ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ಸ್ವಚ್ಛ ತಂತ್ರಜ್ಞಾನಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಡ. ಕೆರೆಗಳು ತುಂಬಿದವು, ಬತ್ತಿದ್ದ ಕೊಳವೆ ಬಾವಿಗಳಲ್ಲಿ ನೀರು ಕಂಡಿತು. ಆದರೆ ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಬೇಕು ಎಂದು ಜಿಲ್ಲೆಯ ಹೋರಾಟಗಾರರು ಅಂದಿನಿಂದಲೂ ಒತ್ತಾಯಿಸುತ್ತಾ ಬಂದಿದ್ದಾರೆ. ರಾಜಧಾನಿಯ ಕೊಳಚೆಗೆ ಅರ್ಧ ಶುದ್ಧಿ ಸಾಕು ಎನ್ನುವ ನೀತಿಯು ಕೋಲಾರದವರನ್ನು ಅರ್ಧ ಪ್ರಜೆಗಳೆಂದು ಬಗೆದಂತೆ. ಅದೇ ರೀತಿ, ಕುಸುಮ್ ಯೋಜನೆಯಡಿ ಪಂಪ್‌ಸೆಟ್‌ಗಳಿಗಾಗಿ ಸೌರ ಸ್ಥಾವರ ಕಟ್ಟುವಾಗ ಗೋಮಾಳಗಳನ್ನು ಕಂಪೆನಿಗಳಿಗೆ ಒಪ್ಪಿಸದೆ, ರೈತರ ಮತ್ತು ಭೂಹೀನರ ಸಹಕಾರ ಸಂಘಗಳಿಗೆ ಮೊದಲ ಅವಕಾಶ ಕೊಡಬೇಕು. ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳಿಗೆ ಬರುವ ಹಸಿರು ಉದ್ಯಮಗಳಲ್ಲಿ ಸ್ಥಳೀಯ ಯುವಕರಿಗೆ ತರಬೇತಿ ಮತ್ತು ಸಕಾಲದ ಸಂಬಳ ಖಾತರಿಯಾಗಬೇಕು. 2020ರ ಡಿಸೆಂಬರ್‌ನಲ್ಲಿ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳಕ್ಕಾಗಿ ಸಿಡಿದ ಗುತ್ತಿಗೆ ಕಾರ್ಮಿಕರ ಸಿಟ್ಟನ್ನು ನಾಡು ಇನ್ನೂ ಮರೆತಿಲ್ಲ.

ರೇಷ್ಮೆ, ಹಾಲು, ಚಿನ್ನದ ನಾಡೆಂದು ಕೋಲಾರವನ್ನು ಹೊಗಳುವುದುಂಟು. ಚಿನ್ನ ಹೋಯಿತು, ಅದರ ಲಾಭವೂ ಜಿಲ್ಲೆಯಲ್ಲಿ ಉಳಿಯಲಿಲ್ಲ. ಈಗ ಬರುತ್ತಿರುವುದು ಬಿಸಿಲಿನ ಸರದಿ. ಬಿಸಿಲಿಗೆ ಗಣಿ ಬೇಕಿಲ್ಲ, ಲಂಡನ್ನಿನ ಕಂಪೆನಿ ಬೇಕಿಲ್ಲ, ಅದು ಮಸೀದಿಯ ಚಾವಣಿಗೂ ದೇವಸ್ಥಾನದ ಚಾವಣಿಗೂ ದಲಿತ ಕೇರಿಯ ಶಾಲೆಗೂ ಸಮಾನವಾಗಿ ಬೀಳುತ್ತದೆ. ಅದನ್ನು ಹಂಚಿಕೊಳ್ಳುವ ವ್ಯವಸ್ಥೆಯನ್ನು ಕಟ್ಟಬೇಕಾದವರು ಮಾತ್ರ ನಾವೇ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಜಮಾಅತ್‌ಗಳು ಮುಂದಿನ ವಾರ್ಷಿಕ ಸಭೆಯಲ್ಲಿ ಮಿನಾರದ ಎತ್ತರದ ಬಗ್ಗೆ ಚರ್ಚಿಸುವ ಮೊದಲು ಇದಕ್ಕೊಂದು ಗಂಟೆ ಮೀಸಲಿಡಲಿ. ಐವತ್ತು ಮಂದಿ, ತಲಾ ಹನ್ನೊಂದು ಸಾವಿರ, ಒಂದು ಪ್ರಾಮಾಣಿಕ ಲೆಕ್ಕಪುಸ್ತಕ: ಆರಂಭಕ್ಕೆ ಇಷ್ಟು ಸಾಕು.